ಐದು ರೂಪಾಯಿ ಪ್ಯಾಕೆಟ್ಟಿನ ಲೆಕ್ಕ

ರಾಯಚೂರಿನ ತೀನ್ ಕಂದೀಲ್ ಸುತ್ತಲಿನ ಬಜಾರಿನಲ್ಲಾಗಲಿ, ಮಾನ್ವಿ, ದೇವದುರ್ಗಗಳ ಶಾಲೆಯೆದುರಿನ ಡಬ್ಬಿ ಅಂಗಡಿಗಳಲ್ಲಾಗಲಿ, ಜಪಾನಿನಲ್ಲಿರುವಂತೆ ಹಗಲಿರುಳು ತೆರೆದಿರುವ ದೊಡ್ಡ ಕಂಪನಿಯ ಪುಟ್ಟ ಅಂಗಡಿಗಳಿಲ್ಲ. ಆದರೆ ಆ ಅಂಗಡಿಗಳು ಅಲ್ಲಿನ ಮಕ್ಕಳಿಗೆ ಏನನ್ನು ಮಾರುತ್ತವೋ ಅದನ್ನು ಇಲ್ಲಿನ ಕಿರಾಣಿ ಅಂಗಡಿಗಳೂ ಮಾರುತ್ತವೆ. ಹಗ್ಗಕ್ಕೆ ಸರ ಕಟ್ಟಿ ತೂಗುಬಿಟ್ಟ ತಿಂಡಿಯ ಪ್ಯಾಕೆಟ್ಟು, ಅದರೊಳಗೊಂದು ಸ್ಟಿಕ್ಕರ್, ಕಾರ್ಡು ಅಥವಾ ಬೆರಳುದ್ದದ ಗೊಂಬೆ. ಅದರ ಮೇಲೆ ಟಿವಿಯಲ್ಲಿ ಕಂಡ ಡೋರೆಮಾನ್, ಶಿನ್‌ಚಾನ್, ಪಿಕಾಚು. ಮಕ್ಕಳು ಇವನ್ನು ಕೂಡಿಡುತ್ತಾರೆ, ದೊಡ್ಡವರು ಬಯ್ಯುತ್ತಾರೆ. ಬಯ್ಗುಳ ಬೀಳುವುದು ಕೂಡಿಡುವ ಮಗುವಿನ ಮೇಲೆ. ತಪ್ಪಿರುವುದು ಮಗುವಿನಲ್ಲಲ್ಲ, ಒಳಗೇನಿದೆಯೆಂದು ತೋರಿಸದೆ ಮಾರುವ ಪದ್ಧತಿಯಲ್ಲಿ ಎಂಬುದು ಈ ಅಧ್ಯಾಯದ ವಾದ. ಕೂಡಿಡುವುದನ್ನೂ ಮುಚ್ಚಿ ಮಾರುವುದನ್ನೂ ಬಿಡಿಸಿ ನೋಡದೆ ಹೋದರೆ ಮಕ್ಕಳ ಒಂದು ಒಳ್ಳೆಯ ಗುಣವನ್ನು ಹೊಸಕಿಹಾಕಿ, ಕೆಟ್ಟ ವ್ಯಾಪಾರವನ್ನು ಅದರ ಪಾಡಿಗೆ ಬಿಟ್ಟಂತಾಗುತ್ತದೆ.

ಪರದೆಯ ಮೇಲಿನ ಚಿತ್ರಕ್ಕೂ ಅಂಗಡಿಯ ಪ್ಯಾಕೆಟ್ಟಿಗೂ ಹುಟ್ಟಿನಿಂದ ಬಂದ ನಂಟೇನೂ ಇಲ್ಲ. ರಾಯಚೂರು ಜಿಲ್ಲೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತಲುಪಿಸುವ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ಗುಲಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳನ್ನು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ಈ ಸೀಮೆಯ ಹಳ್ಳಿಯ ಮಕ್ಕಳು ಬೆಳಗಿನ ಹೊತ್ತು ತಮಗಾಗಿಯೇ ಮಾಡಿದ ಕಾರ್ಯಕ್ರಮಗಳನ್ನು ನೋಡಿದ್ದರು. ಆ ಚಿತ್ರಗಳ ಬೆನ್ನಿಗೆ ಮಾರುವ ಸರಕೇನೂ ಇರಲಿಲ್ಲ. 1993ರಲ್ಲಿ ದೂರದರ್ಶನದಲ್ಲಿ ಬಂದ ಜಪಾನಿ ಕಾರ್ಟೂನಿನ ಮೋಗ್ಲಿಯನ್ನು ಮನೆಮನೆಯ ಮಕ್ಕಳು ಮೆಚ್ಚಿದರು. 2003ರಲ್ಲಿ ಪೋಕೆಮಾನ್ ಕೇಬಲ್ ಟಿವಿಗೆ ಬಂದ ಮೇಲೆ ಲೆಕ್ಕ ಬದಲಾಯಿತು. ಚಿಪ್ಸಿನ ಪ್ಯಾಕೆಟ್ಟುಗಳಲ್ಲಿ ಅದರ ಪಾತ್ರಗಳಿರುವ ಟಾಜೊ ಎಂಬ ದುಂಡನೆಯ ಬಿಲ್ಲೆಗಳು ಸಿಗತೊಡಗಿ, ತಿಂಡಿಗಿಂತ ಬಿಲ್ಲೆಯೇ ಮುಖ್ಯವಾಯಿತು. 2008ರಲ್ಲಿ ಪಕ್ಕದ ಹೈದರಾಬಾದಿನಲ್ಲಿ ಹುಟ್ಟಿದ ಛೋಟಾ ಭೀಮನೂ ಇದೇ ದಾರಿಯಲ್ಲಿ ಪೆನ್ಸಿಲ್ ಡಬ್ಬಿ, ನೋಟ್‌ಬುಕ್ಕು, ಬ್ಯಾಗುಗಳ ಮೇಲೆ ಬಂದು ಕುಳಿತ.

ಆಟಿಕೆ ಸೇರಿಸಿ ತಿಂಡಿ ಮಾರುವ ಈ ಜಾಣತನ ಜಪಾನಿನಲ್ಲಿ ಬಹಳ ಹಿಂದೆಯೇ ಬೇರೂರಿತ್ತು; ಅದರ ಕೆಡುಕನ್ನೂ ಜಪಾನ್ ಉಂಡಿದೆ. ಗ್ಲಿಕೊ ಕಂಪನಿ 1920ರ ದಶಕದಲ್ಲೇ ಮಿಠಾಯಿಯ ಜೊತೆ ಪುಟ್ಟ ಆಟಿಕೆ ಕೊಡುತ್ತಿತ್ತು. 1963ರಲ್ಲಿ ‘ಟೆತ್ಸುವಾನ್ ಆಟಮ್’ ಎಂಬ ಕಾರ್ಟೂನು ಟಿವಿಗೆ ಬಂದಾಗ ಅದರ ಪ್ರಾಯೋಜಕರಾಗಿದ್ದ ಮೇಜಿ ಕಂಪನಿ ತನ್ನ ಚಾಕೊಲೇಟಿನ ಜೊತೆ ಆಟಮ್‌ನ ಸ್ಟಿಕ್ಕರ್ ಕೊಟ್ಟಿತು. ಪರದೆಯ ಪಾತ್ರವೂ ಅಂಗಡಿಯ ತಿನಿಸೂ ಹೀಗೆ ಕೈಹಿಡಿದವು. 1970ರ ದಶಕದ ಆರಂಭದಲ್ಲಿ, ಟಿವಿ ಸರಣಿಯೊಂದರ ಹೆಸರು ಹೊತ್ತ ಕಾಲ್ಬಿ ಕಂಪನಿಯ ‘ಕಾಮೆನ್ ರೈಡರ್’ ತಿಂಡಿಯನ್ನು ಮಕ್ಕಳು ಕಾರ್ಡಿಗಾಗಿ ಕೊಂಡು, ತಿನ್ನದೆ ಎಸೆಯತೊಡಗಿದರು. ನಾಡಿಗೇ ಅದೊಂದು ಚಿಂತೆಯ ವಿಷಯವಾಯಿತು. ಲೊಟ್ಟೆ ಕಂಪನಿಯ ‘ಬಿಕ್ಕುರಿಮಾನ್’ ಚಾಕೊಲೇಟು 1985ರ ನಂತರ ಇನ್ನೂ ಮುಂದೆ ಹೋಯಿತು. ಅದರ ಸ್ಟಿಕ್ಕರುಗಳಲ್ಲಿ ಕೆಲವು ಹೇರಳ, ಕೆಲವು ಅಪರೂಪ. ಅಪರೂಪದ ಸ್ಟಿಕ್ಕರಿಗಾಗಿ ಮಕ್ಕಳು ರಾಶಿಗಟ್ಟಲೆ ಕೊಂಡು ಚಾಕೊಲೇಟನ್ನು ಕಸಕ್ಕೆ ಹಾಕಿದರು. 1988ರಲ್ಲಿ ಅಲ್ಲಿನ ನ್ಯಾಯಸಮ್ಮತ ವ್ಯಾಪಾರ ಆಯೋಗ ನಡುವೆ ಬಂದು, ಸ್ಟಿಕ್ಕರುಗಳ ಪ್ರಮಾಣದಲ್ಲಿ ಇಂಥ ಏರುಪೇರು ಇರಬಾರದೆಂದು ತಿದ್ದಿತು. ಆಯೋಗ ಸ್ಟಿಕ್ಕರನ್ನೂ ನಿಷೇಧಿಸಲಿಲ್ಲ, ಕೂಡಿಡುವುದನ್ನೂ ನಿಷೇಧಿಸಲಿಲ್ಲ. ಕೈ ಹಾಕಿದ್ದು ಬೇಕೆಂದೇ ಹುಟ್ಟಿಸಿದ ಅಭಾವಕ್ಕೆ. ನಮಗೂ ಬೇಕಾದ ವಿವೇಕ ಅದು.

“ಬರೀ ಐದು ರೂಪಾಯಿಯದಲ್ಲವೇ, ಇದಕ್ಕೇಕೆ ಇಷ್ಟು ಮಾತು?” ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಒಂದು ಸೆಟ್ಟಿನಲ್ಲಿ 20 ಚಿತ್ರಗಳಿವೆ, ಯಾವುದನ್ನೂ ಬಚ್ಚಿಡದೆ ಎಲ್ಲವನ್ನೂ ಸಮನಾಗಿ ತುಂಬಿದ್ದಾರೆ ಎಂದೇ ಇಟ್ಟುಕೊಳ್ಳಿ. ಮೊದಲ ಪ್ಯಾಕೆಟ್ಟಿನಲ್ಲಿ ಸಿಗುವುದು ಖಂಡಿತ ಹೊಸದು. ಹತ್ತು ಚಿತ್ರ ಕೈಸೇರಿದ ಮೇಲೆ ಹೊಸದೊಂದು ಸಿಗಲು ಸರಾಸರಿ ಎರಡು ಪ್ಯಾಕೆಟ್ ಬೇಕು. ಹತ್ತೊಂಬತ್ತು ಸೇರಿದ ಮೇಲೆ ಉಳಿದ ಒಂದೇ ಒಂದಕ್ಕೆ ಸರಾಸರಿ 20 ಪ್ಯಾಕೆಟ್, ಅಂದರೆ 100 ರೂಪಾಯಿ. ಒಟ್ಟು ಕೂಡಿಸಿದರೆ ಸುಮಾರು 72 ಪ್ಯಾಕೆಟ್, 360 ರೂಪಾಯಿ. ಇದರಲ್ಲಿ ಮೊದಲ ಹತ್ತು ಚಿತ್ರಗಳಿಗೆ ಹಿಡಿಯುವುದು ಹದಿಮೂರು ಹದಿನಾಲ್ಕು ಪ್ಯಾಕೆಟ್ ಮಾತ್ರ. ಉಳಿದ ಹತ್ತಕ್ಕೆ 58-59. ಆರಂಭದಲ್ಲಿ ಕೈಗೆ ಬೇಗಬೇಗ ಹೊಸದು ಬರುವುದರಿಂದ ಮಗುವಿಗೆ ಭರವಸೆ ಮೂಡುತ್ತದೆ. ಹಣ ಸೋರುವುದು ಆಮೇಲೆ, ಬಿಟ್ಟರೆ ಇಲ್ಲಿಯವರೆಗೆ ಕೂಡಿಸಿದ್ದು ದಂಡವಾಯಿತೆಂಬ ಸಂಕಟ ಶುರುವಾದ ಮೇಲೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಬೇಸಿಗೆ ಬಂತೆಂದರೆ ಗುಳೆ ಹೊರಡುವ ದೇವದುರ್ಗದ ಮನೆಗಳಿಗೆ, ಒಂದು ಸೆಟ್ಟಿನ ಬೆಲೆ ಎಂದರೆ ಹೆಚ್ಚೂಕಡಿಮೆ ಒಬ್ಬರ ಇಡೀ ದಿನದ ದುಡಿಮೆ. ಐದು ರೂಪಾಯಿ ಎಂಬುದು ಪ್ಯಾಕೆಟ್ಟಿನ ಬೆಲೆ. ಮಗು ಕೊಳ್ಳಹೊರಟಿರುವುದು ಸೆಟ್ಟನ್ನು, ಅದರ ಬೆಲೆ ಎಲ್ಲೂ ಬರೆದಿಲ್ಲ.

ಹಾಗಾದರೆ ಈ ಹುಚ್ಚನ್ನೇ ಬಿಡಿಸಿಬಿಡಬೇಕು ಎಂಬುದು ಇನ್ನೊಂದು ವಾದ. ಒಪ್ಪಲಾಗದು. ಬೆಂಕಿಪೊಟ್ಟಣದ ಚಿತ್ರ, ಸೋಡಾ ಬಾಟಲಿಯ ಮುಚ್ಚಳ, ಅಂಚೆಚೀಟಿ ಕೂಡಿಟ್ಟ ತಲೆಮಾರುಗಳು ಇದೇ ಊರುಗಳಲ್ಲಿ ಬೆಳೆದವು. ಕೂಡಿಡುವ ಮಗು ಎಣಿಸುತ್ತದೆ, ಬಗೆಬಗೆಯಾಗಿ ಬೇರ್ಪಡಿಸುತ್ತದೆ, ಯಾವುದು ಇಲ್ಲ ಎಂಬುದನ್ನು ನೆನಪಿಟ್ಟುಕೊಳ್ಳುತ್ತದೆ, ಎರಡು ಪಿಕಾಚು ಕೊಟ್ಟು ಒಂದು ಚಾರಿಜಾರ್ಡ್ ತಗೊಂಡರೆ ಲಾಭವೋ ನಷ್ಟವೋ ಎಂದು ತೂಗುತ್ತದೆ. ಇದು ನಿಜವಾದ ಕಲಿಕೆ. ಅದಕ್ಕಿಂತ ಮಿಗಿಲಾಗಿ, ಈ ಅದಲುಬದಲೇ ಮಕ್ಕಳು ತಾವಾಗಿ ಕಂಡುಕೊಂಡ ಉಪಾಯ. ಮೇಲಿನ 72 ಪ್ಯಾಕೆಟ್ಟಿನ ಲೆಕ್ಕ ಒಂಟಿಯಾಗಿ ಕೊಳ್ಳುವ ಮಗುವಿನದು. ತರಗತಿಯ ಮಕ್ಕಳೆಲ್ಲ ತಮ್ಮಲ್ಲಿರುವುದನ್ನು ಹಂಚಿಕೊಂಡರೆ ಒಬ್ಬರ ಹೆಚ್ಚುವರಿ ಇನ್ನೊಬ್ಬರ ಕೊರತೆಯನ್ನು ತುಂಬಿ, ತಲಾ ಖರ್ಚು ಬಹಳ ಇಳಿಯುತ್ತದೆ. ಶಾಲೆಯಲ್ಲಿ ಕಾರ್ಡು ಕಂಡಕೂಡಲೇ ಕಿತ್ತುಕೊಳ್ಳುವ ಶಿಕ್ಷಕರು ಮಕ್ಕಳನ್ನು ಉಳಿಸಿದೆವೆಂದುಕೊಳ್ಳುತ್ತಾರೆ. ಅದಲುಬದಲು ನಿಂತರೆ ಮಕ್ಕಳು ಮತ್ತೆ ಅಂಗಡಿಗೇ ಹೋಗುತ್ತಾರೆ ಎಂಬುದನ್ನು ಅವರು ದಯವಿಟ್ಟು ಯೋಚಿಸಬೇಕು. ಇವು ಪರದೇಶಿ ಗೊಂಬೆಗಳು ಎಂಬ ದೂರಿಗೆ ಹೆಚ್ಚು ಮಾತು ಬೇಡ. ಕನ್ನಡ, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಕೇಳುವ ರಾಯಚೂರಿಗೆ ಹೊರಗಿನ ಕತೆ ಹೊಸದಲ್ಲ, ಮುಚ್ಚಿ ಮಾರಿದರೆ ಛೋಟಾ ಭೀಮನಿಂದಲೂ ಅಷ್ಟೇ ನಷ್ಟ.

ತೂಕವಿರುವ ಆಕ್ಷೇಪ ಬೇರೆಯೇ ಇದೆ. ಏನು ಸಿಗುತ್ತದೋ ಎಂಬ ಕುತೂಹಲವೇ ಈ ಆಟದ ಜೀವಾಳ, ಅದನ್ನು ತೆಗೆದರೆ ಉಳಿಯುವುದೇನು? ಈ ಮಾತಿನಲ್ಲಿ ಸತ್ಯವಿದೆ. ಆದರೆ ಕುತೂಹಲ ಉಳಿಸಿಕೊಂಡೂ ಮೋಸ ತಪ್ಪಿಸಬಹುದು. ಜಪಾನಿನ ಅಂಗಡಿಗಳಲ್ಲಿ ‘ಇಚಿಬಾನ್ ಕುಜಿ’ ಎಂಬ ಚೀಟಿಯಾಟವಿದೆ. ಪ್ರತಿ ಚೀಟಿಗೂ ಒಂದು ವಸ್ತು ಖಚಿತ. ಯಾವ ಬಹುಮಾನ ಎಷ್ಟು ಉಳಿದಿದೆ ಎಂಬುದು ಅಂಗಡಿಯಲ್ಲೇ ಕಾಣುತ್ತದೆ. ನಮ್ಮ ಡಬ್ಬಿ ಅಂಗಡಿಗಳಲ್ಲಿ ತೂಗುತ್ತಿದ್ದ, ಚೀಟಿ ಹರಿದು ನಂಬರು ನೋಡುವ ರಟ್ಟಿನ ಹಾಳೆಗೂ ಈ ಗುಣವಿತ್ತು. ಬಹುಮಾನಗಳು ಕಣ್ಣೆದುರೇ ಅಂಟಿಸಿರುತ್ತಿದ್ದವು, ದೊಡ್ಡ ಬಹುಮಾನ ಯಾರಿಗೋ ಹೋಗಿದ್ದರೆ ಮಕ್ಕಳಿಗೆ ಅದು ತಿಳಿಯುತ್ತಿತ್ತು. ಎಷ್ಟೋ ಚೀಟಿಗಳಿಗೆ ಏನೂ ಸಿಗುತ್ತಿರಲಿಲ್ಲವೆಂಬುದು ಅದರ ಕೊರತೆ. ಆದರೂ ಆ ಬಡ ಹಾಳೆ ಇಂದಿನ ಹೊಳೆಯುವ ಪ್ಯಾಕೆಟ್ಟಿಗಿಂತ ಪ್ರಾಮಾಣಿಕವಾಗಿತ್ತು ಎಂದೇ ನನ್ನ ತೀರ್ಮಾನ.

ತಿಂಡಿಯ ಮಾತನ್ನೂ ಆಡಲೇಬೇಕು. ಮಕ್ಕಳ ಅಪೌಷ್ಟಿಕತೆ ನೀಗಿಸಲು ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗ, 2021ರ ಡಿಸೆಂಬರಿನಲ್ಲಿ, ಮೊದಲು ಆರಿಸಿಕೊಂಡ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಅಂಥ ಕಡೆ ಕಾರ್ಡಿನ ಆಸೆಗೆ ಉಪ್ಪು, ಎಣ್ಣೆಯ ತಿಂಡಿ ಹೊಟ್ಟೆ ಸೇರುವುದು ಸಣ್ಣ ಸಂಗತಿಯಲ್ಲ. 2017ರಲ್ಲಿ ಆಂಧ್ರದ ಏಲೂರಿನಲ್ಲಿ ತಿಂಡಿಯ ಪ್ಯಾಕೆಟ್ಟಿನೊಳಗಿದ್ದ ಆಟಿಕೆ ನುಂಗಿ ಮಗುವೊಂದು ತೀರಿಕೊಂಡಿತು. ಹಾಗಾಗಿ ಗೊಂಬೆ ಬೇರೆ, ತಿಂಡಿ ಬೇರೆಯಾಗಿ ಮಾರಬೇಕು. ಕಾನೂನು ಇಲ್ಲವೆಂದಲ್ಲ. ಉಪ್ಪು, ಸಕ್ಕರೆ, ಕೊಬ್ಬು ಹೆಚ್ಚಿರುವ ತಿಂಡಿಯನ್ನು ಶಾಲೆಯ ಗೇಟಿನಿಂದ 50 ಮೀಟರಿನೊಳಗೆ ಮಾರಬಾರದೆಂದು 2020ರ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಉಡುಗೊರೆ ತೋರಿಸಿ ಮಕ್ಕಳನ್ನು ಅನಗತ್ಯ ಖರೀದಿಗೆ ಎಳೆಯುವ ಜಾಹೀರಾತು ಸಲ್ಲದೆಂಬ ನಿಲುವು 2022ರ ಕೇಂದ್ರ ಮಾರ್ಗಸೂಚಿಯಲ್ಲಿದೆ. ದೊಡ್ಡವರು ಹಣ ಕಳೆದುಕೊಳ್ಳುತ್ತಾರೆಂದು ಕರ್ನಾಟಕ 2007ರಲ್ಲೇ ಲಾಟರಿ ನಿಲ್ಲಿಸಿತು. ಮಕ್ಕಳ ಐದು ರೂಪಾಯಿಗೂ ಅದೇ ಕಾಳಜಿ ಸಲ್ಲಬೇಕು. ಪ್ಯಾಕೆಟ್ಟಿನ ಬೆನ್ನ ಮೇಲೆ ತೂಕ, ಬೆಲೆ, ತಯಾರಾದ ದಿನ ಅಚ್ಚಾಗುವ ಕಡೆ ಇನ್ನೆರಡು ಸಾಲು ಸೇರಲಿ: ಸೆಟ್ಟಿನಲ್ಲಿ ಒಟ್ಟು ಎಷ್ಟು ಚಿತ್ರ, ನೂರು ಪ್ಯಾಕೆಟ್ಟಿನಲ್ಲಿ ಯಾವುದು ಎಷ್ಟು. ಅದು ಮಾನ್ವಿಯ ಮೂರನೇ ತರಗತಿಯ ಮಗು ತಾನೇ ಓದಿಕೊಳ್ಳುವಷ್ಟು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿರಲಿ.