ಏಳಾದರೂ ಬೆಳಗಾಗದ ಊರಿನಲ್ಲಿ

ಜನವರಿ ನಡುವಿನಲ್ಲಿ ದಾಂಡೇಲಿ ಪಕ್ಕದ ಅಂಬೇವಾಡಿಯಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆ ಹೊಡೆದ ಮೇಲೆ. ಡಿಸೆಂಬರ್ 22ರ ಸುಮಾರಿಗೆ ವರ್ಷದ ಅತಿ ಚಿಕ್ಕ ಹಗಲು ಕಳೆದುಹೋದರೂ ಸೂರ್ಯೋದಯ ಮಾತ್ರ ಸಂಕ್ರಾಂತಿ ದಾಟುವ ತನಕ ತಡವಾಗುತ್ತಲೇ ಹೋಗುತ್ತದೆ. ದೇಶದ ಗಡಿಯಾರದ ಲೆಕ್ಕ 82.5 ಡಿಗ್ರಿ ಪೂರ್ವ ರೇಖಾಂಶದ್ದು. ದಾಂಡೇಲಿ ಇರುವುದು ಅದಕ್ಕಿಂತ ಸುಮಾರು ಎಂಟು ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಅರ್ಧ ಗಂಟೆ ಅಲ್ಲೇ ಹೋಯಿತು. ಸಾಲದ್ದಕ್ಕೆ ಕಾಳಿ ನದಿಯ ಮಂಜು. ಆರಕ್ಕೆ ವಾಕಿಂಗ್ ಹೊರಟವರಿಗೂ, ಬೆಳಗಿನ ಪಾಳಿಗೆ ಸೈಕಲ್ ತುಳಿಯುವವರಿಗೂ ಅದು ಇನ್ನೂ ರಾತ್ರಿಯೇ.

ಥಂಡಿಯ ಮಾತು ಬಿಡಿ. ಸ್ವೆಟರ್, ಕಿವಿ ಮುಚ್ಚುವ ಟೋಪಿ ಇದ್ದರೆ ಹತ್ತು ನಿಮಿಷದ ನಡಿಗೆಗೆ ಮೈ ಬೆಚ್ಚಗಾಗುತ್ತದೆ. 1966ರಲ್ಲಿ ನೆಲೆಯಾದ ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ವಯಸ್ಸಾದವರು ಜಪಮಾಲೆ ಹಿಡಿದು ಪ್ರದಕ್ಷಿಣೆ ಹಾಕುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫಿನ್ಲೆಂಡಿನ ಔಲುವಿನಲ್ಲಿ ನಡುಚಳಿಗಾಲದ ಹಗಲು ನಾಲ್ಕು ಗಂಟೆಯೂ ಇರುವುದಿಲ್ಲ, ಹಿಮ ಮೊಣಕಾಲುದ್ದ ಬೀಳುತ್ತದೆ. ಆದರೂ ಮಕ್ಕಳು ಸೈಕಲ್ಲಿನಲ್ಲೇ ಶಾಲೆಗೆ ಹೋಗುತ್ತಾರೆ. ಚಳಿಗಾಲದ ಸೈಕಲ್ ಸವಾರಿಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 2013ರಲ್ಲಿ ನಡೆದದ್ದೂ ಅಲ್ಲೇ. ಅಲ್ಲಿಯವರು ನಮಗಿಂತ ಗಟ್ಟಿ ಜನ ಎಂದೇನಲ್ಲ. ಸೈಕಲ್ಲಿಗೇ ಬೇರೆ ದಾರಿ ಇದೆ, ಆ ದಾರಿಗೆ ದೀಪ ಇದೆ, ಬಿದ್ದ ಹಿಮವನ್ನು ಹೊತ್ತಿಗೆ ಸರಿಯಾಗಿ ತೆಗೆಯುತ್ತಾರೆ.

ನಮ್ಮಲ್ಲಿ ಜನರನ್ನು ಮನೆಯೊಳಗೆ ಕೂರಿಸುವುದು ಕತ್ತಲೆ. ಅರವತ್ತು ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಬರುತ್ತದೆ. ಕಪ್ಪು ಶಾಲು ಹೊದ್ದು ರಸ್ತೆಯಂಚಿಗೆ ನಡೆಯುವವರು ಚಾಲಕನ ಕಣ್ಣಿಗೆ ಬೀಳುವ ಹೊತ್ತಿಗೆ ಬ್ರೇಕ್ ಹಾಕಲು ಅವನಿಗೆ ಉಳಿಯುವುದು ಒಂದೆರಡು ಸೆಕೆಂಡು. ಮಂಜಿದ್ದರೆ ಅದೂ ಇಲ್ಲ. ಡಿಮ್ ಮಾಡಿದ ಹೆಡ್‌ಲೈಟಿನ ಬೆಳಕು ಮೊದಲು ಬೀಳುವುದು ಕಾಲಿನ ಮೇಲೆ. ಅದಕ್ಕೇ ಮಿನುಗುವ ಪಟ್ಟಿ ಎದೆಗಿಂತ ಪಾದದ ಗಂಟಿಗೆ ಕಟ್ಟಿದರೆ ಹೆಚ್ಚು ಪ್ರಯೋಜನ. ಹೆಜ್ಜೆಯ ಜೊತೆ ಅದು ಅಲುಗಾಡುತ್ತದೆ, ಮನುಷ್ಯ ಬರುತ್ತಿದ್ದಾನೆ ಎಂದು ದೂರದಿಂದಲೇ ಗೊತ್ತಾಗುತ್ತದೆ. ಪೆಡಲ್ಲಿನ ರಿಫ್ಲೆಕ್ಟರ್ ಮಾಡುವ ಕೆಲಸವೂ ಇದೇ. ಸೈಕಲ್ ರಿಪೇರಿಗೆ ಕೊಟ್ಟಾಗ ಒಡೆದದ್ದನ್ನು ಹಾಗೇ ಬಿಡದೆ ಹೊಸದು ಹಾಕಿಸಿ. ಫುಟ್‌ಪಾತ್ ಇಲ್ಲದ ಕಡೆ ನಡೆಯುವವರು ಬಲಗಡೆಯಲ್ಲೇ, ಎದುರಿನ ಗಾಡಿ ಕಾಣುವಂತೆ ನಡೆಯಬೇಕು.

ಒಂದು ಕಡೆ ಮಾತ್ರ ನಾನು ಯಾರನ್ನೂ ಹುರಿದುಂಬಿಸಲಾರೆ. ಜೋಯಿಡಾ ಕಡೆಯ ಕಾಡುರಸ್ತೆಯಲ್ಲಿ ಕತ್ತಲಲ್ಲಿ ನಡಿಗೆ ಬೇಡ. ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಆ ಹೊತ್ತು ಪ್ರಾಣಿಗಳದ್ದು. ಹಳಿಯಾಳ, ಮುಂಡಗೋಡದ ಗದ್ದೆಗಳಲ್ಲಿ ಭತ್ತ ಬೆಳೆದು ನಿಂತಾಗ ಆನೆಗಳೂ ಬರುತ್ತವೆ. ಅಲ್ಲಿಯವರು ಬೆಳಕು ಹರಿಯುವ ತನಕ ಕಾಯುವುದೇ ಸರಿ. ಉಬ್ಬಸ ಇದ್ದವರೂ ಅಷ್ಟೇ. ಹೊಗೆ ಬೆರೆತ ಮಂಜು ಕರಗಿದ ಮೇಲೆ ಹೊರಟರೆ ಒಳ್ಳೆಯದು.

ಆದರೆ ಕಾಯಲಾಗದವರ ಗತಿ ಏನು? ವಾಕಿಂಗ್ ಎನ್ನುವುದು ಆಯ್ಕೆ, ಪಾಳಿ ಕೆಲಸ ಆಯ್ಕೆಯಲ್ಲ. ಶಾಲೆಯೂ ಅಷ್ಟೇ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದ ಮೇಲೆ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲಿಗೆ ಸ್ವಂತ ಗಾಡಿಯಲ್ಲಿ ಹೋದರು. ಚಳಿಗಾಲದ ಸಂಜೆ ಆರೂಕಾಲಿಗೆ ಸೂರ್ಯ ಮುಳುಗುತ್ತದೆ. ವಿಶೇಷ ತರಗತಿ ಮುಗಿಸಿ ಅವರು ಮನೆಗೆ ಬರುವ ರಸ್ತೆಗೆ ಬೆಳಕು ಬೇಕೆಂದು ಯಾರೂ ಅಷ್ಟು ಗಟ್ಟಿಯಾಗಿ ಕೇಳಲಿಲ್ಲ.

ಈಗ ಕೇಳೋಣ. ಡಿಸೆಂಬರಿನಿಂದ ಫೆಬ್ರವರಿ ತನಕ ಬೀದಿದೀಪ ಬೆಳಗಿನ ಏಳರವರೆಗೆ ಉರಿಯಲಿ. ಮಳೆ ನಿಂತ ಕೂಡಲೇ ರಸ್ತೆಯಂಚಿನ ಪೊದೆ ಸವರಿಸಿ, ಡಾಂಬರಿನ ಪಕ್ಕ ಸೈಕಲ್ ಇಳಿಸುವಷ್ಟು ಅಗಲಕ್ಕೆ ಮಣ್ಣು ಸಮ ಮಾಡಿಸಲಿ. ನಗರಸಭೆ, ಪಂಚಾಯತಿ, ಲೋಕೋಪಯೋಗಿ ಇಲಾಖೆ ಮನಸ್ಸು ಮಾಡಿದರೆ ಇವೆರಡೂ ಬರುವ ಚಳಿಗಾಲದೊಳಗೇ ಆಗುವ ಕೆಲಸ.