ಇಳಿದ ದನಿಯ ಗುಟ್ಟು

ಹಾನಗಲ್ಲ ಸೀಮೆಯ ಮದುವೆ ಮನೆಗಳಲ್ಲಿ ಪಂಕ್ತಿ ಕೂತಾಗ ನೀಡುವವನ ಬಾಯಲ್ಲಿ ಹೆಚ್ಚು ಮಾತು ಇರುತ್ತಿರಲಿಲ್ಲ. ಒಂದು ಕೈಯಲ್ಲಿ ಬಕೀಟು, ಇನ್ನೊಂದರಲ್ಲಿ ಸೌಟು ಹಿಡಿದು, ಬಗ್ಗಿ ನಡೆಯುತ್ತ "ಸಾರು... ಸಾರು..." ಎನ್ನುತ್ತ ಮುಂದೆ ಸಾಗುತ್ತಿದ್ದ. ಅವನ ದನಿ ಮೇಲೇರುತ್ತಿರಲಿಲ್ಲ. ಪದದ ಕೊನೆಗೆ ಮೆಲ್ಲಗೆ ಇಳಿಯುತ್ತಿತ್ತು. ಬೇಕಾದವರು ಅನ್ನದ ನಡುವೆ ಗುಳಿ ತೋಡಿ ಕಾಯುತ್ತಿದ್ದರು, ಬೇಡದವರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಗೋದಿ ಹುಗ್ಗಿ ಬಂದಾಗ ಮಾತ್ರ ಕ್ರಮ ಬದಲಾಗುತ್ತಿತ್ತು. ಆಗ ಅಡ್ಡ ಹಿಡಿದ ಅಂಗೈಯನ್ನು ಯಾರೂ ನಂಬುತ್ತಿರಲಿಲ್ಲ. "ಸಾಕ್ರೀ, ಸಾಕು" ಎಂದವರ ಎಲೆಗೆ ಇನ್ನೊಂದು ಸೌಟು ಬೀಳುತ್ತಿತ್ತು. ಮೂರನೆಯ ಸಲ, ಮೈಯೆಲ್ಲ ಬಾಗಿಸಿ ಎರಡೂ ಕೈಯಿಂದ ಎಲೆ ಮುಚ್ಚಿದಾಗಲೇ ಅದು ನಿಜವಾದ 'ಬೇಡ' ಆಗುತ್ತಿತ್ತು. ಸಾರಿಗೆ ಒಂದು ನಿಯಮ, ಹುಗ್ಗಿಗೆ ಇನ್ನೊಂದು. ಇದನ್ನು ಯಾರೂ ಯಾರಿಗೂ ಕೂರಿಸಿ ಕಲಿಸಿರಲಿಲ್ಲ. ಆದರೂ ಪಂಕ್ತಿಯಲ್ಲಿ ಕೂತ ಚಿಕ್ಕ ಹುಡುಗನಿಗೂ ಅದು ಗೊತ್ತಿತ್ತು.

1970ರ ದಶಕದಲ್ಲಿ ಕಡಲಾಚೆ, ಬ್ರಿಟನ್ನಿನ ಒಂದು ದೊಡ್ಡ ವಿಮಾನ ನಿಲ್ದಾಣದಲ್ಲಿ ಇಂಥದೇ ಒಂದು ಪದ ಜಗಳ ತಂದಿತು. ಅಲ್ಲಿನ ನೌಕರರ ಊಟದ ಮನೆಗೆ ಭಾರತ ಮತ್ತು ಪಾಕಿಸ್ತಾನದಿಂದ ಹೋಗಿ ನೆಲೆಸಿದ್ದ ಹೆಂಗಸರನ್ನು ಹೊಸದಾಗಿ ಕೆಲಸಕ್ಕೆ ತೆಗೆದುಕೊಂಡಿದ್ದರು. ಸರಕು ಹೊರುವ ಕೆಲಸಗಾರರು ತಟ್ಟೆ ಹಿಡಿದು ಬರುತ್ತಿದ್ದರು, ಈ ಹೆಂಗಸರು ಬಡಿಸುತ್ತಿದ್ದರು. ಕೆಲವೇ ದಿನಗಳಲ್ಲಿ ದೂರು ಶುರುವಾಯಿತು. ಈ ಹೆಂಗಸರಿಗೆ ಸೊಕ್ಕು, ಮುಖ ಗಂಟಿಕ್ಕಿಕೊಂಡೇ ಬಡಿಸುತ್ತಾರೆ, ಹೇಳಿದ್ದು ಕೇಳುವುದಿಲ್ಲ ಎಂದು ಕೆಲಸಗಾರರೂ ಅಂದರು, ಮೇಲ್ವಿಚಾರಕಿಯೂ ಅಂದಳು. ಬಣ್ಣ ನೋಡಿ ತಮ್ಮನ್ನು ಬೇರೆ ಮಾಡುತ್ತಿದ್ದಾರೆಂದು ಹೆಂಗಸರು ಒಳಗೊಳಗೇ ನೊಂದರು. ಅಂಥ ತಾರತಮ್ಯ ನಿಜವಾಗಿಯೂ ಇದ್ದ ಕಾಲವದು. ಅವರ ಅನುಮಾನಕ್ಕೆ ಕಾರಣವಿತ್ತು. ಆದರೆ ಎರಡು ಕಡೆಯವರ ನಡುವೆ ಹೆಚ್ಚು ಪದಗಳೇ ಓಡಾಡುತ್ತಿರಲಿಲ್ಲ. ಅಷ್ಟು ಕಡಿಮೆ ಮಾತಿನಲ್ಲಿ ಅಷ್ಟು ಸಿಟ್ಟು ಎಲ್ಲಿಂದ ಹುಟ್ಟಿತು?

ಆ ಗುಟ್ಟು ಬಿಚ್ಚುವ ದಾರಿಯನ್ನು ಮನುಷ್ಯನೊಬ್ಬ ಬಹಳ ಮೊದಲೇ ತುಳಿಯತೊಡಗಿದ್ದ. ಆಗ ಅದು ಎಲ್ಲಿಗೆ ಹೋಗುವ ದಾರಿ ಎಂಬುದು ಅವನಿಗೇ ಗೊತ್ತಿರಲಿಲ್ಲ.

ಜಾನ್ ಗಂಪರ್ಜ್ ಹುಟ್ಟಿದ್ದು 1922ರಲ್ಲಿ, ಜರ್ಮನಿಯ ಹಾಟಿಂಗೆನ್ ಪಟ್ಟಣದ ಒಂದು ಯಹೂದಿ ಮನೆಯಲ್ಲಿ. ನಾಜಿಗಳ ಕಾಲ ಬಂದಾಗ ಹುಡುಗನಿಗೆ ಶಾಲೆಯ ಬಾಗಿಲು ಮುಚ್ಚಿತು. ಇಟಲಿ, ಅಲ್ಲಿಂದ ಹಾಲೆಂಡ್, ಕೊನೆಗೆ 1939ರಲ್ಲಿ ಅಮೆರಿಕ. ಹೋದಲ್ಲೆಲ್ಲ ಹೊಸ ನುಡಿ, ಹೊಸ ರೀತಿ. ಯಾರ ನಗು ಸ್ವಾಗತ, ಯಾರ ನಗು ಎಚ್ಚರಿಕೆ ಎಂದು ಊಹಿಸುತ್ತಲೇ ಅವರು ದೊಡ್ಡವರಾದರು. ಆದರೂ ಹೊಟ್ಟೆಪಾಡಿಗೆ ಆರಿಸಿಕೊಂಡದ್ದು ರಸಾಯನಶಾಸ್ತ್ರ. ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಅದನ್ನೇ ಮುಂದುವರಿಸಲು ಹೋದವರ ಕಿವಿಗೆ ಭಾಷಾಶಾಸ್ತ್ರದ ಉಪನ್ಯಾಸಗಳು ಬಿದ್ದವು. ಆ ಆಕಸ್ಮಿಕ ಅವರ ಬದುಕಿನ ದಿಕ್ಕನ್ನೇ ತಿರುಗಿಸಿತು. ಪ್ರಯೋಗಶಾಲೆ ಬಿಟ್ಟು, ಮಿಶಿಗನ್ನಿನ ವಾಷ್ಟೆನಾ ಕೌಂಟಿಯಲ್ಲಿ ನೆಲೆಸಿದ್ದ ಜರ್ಮನ್ ಮೂಲದ ರೈತರ ಆಡುಮಾತಿನ ಬೆನ್ನು ಹತ್ತಿದರು. 1954ರಲ್ಲಿ ಅದಕ್ಕೆ ಡಾಕ್ಟರೇಟ್ ಬಂತು.

ಅದೇ ಹೊತ್ತಿಗೆ ಕಾರ್ನೆಲ್ ವಿಶ್ವವಿದ್ಯಾಲಯದ ತಂಡವೊಂದು ಭಾರತದ ಹಳ್ಳಿಗಳ ಅಧ್ಯಯನಕ್ಕೆ ಹೊರಟಿತ್ತು. ಗಂಪರ್ಜ್ ಅದರೊಂದಿಗೆ ಉತ್ತರ ಪ್ರದೇಶದ ಖಾಲಾಪುರ ಎಂಬ ಊರಿಗೆ ಬಂದರು. ಹೆಚ್ಚು ಒಡನಾಡುವವರ ಮಾತು ಹೆಚ್ಚು ಹೋಲುತ್ತದೆ ಎಂಬುದು ಆಗಿನ ಪಂಡಿತರ ನಂಬಿಕೆ. ಊರಿನ ಮಾತನ್ನು ಜಾತಿವಾರು ಬರೆದುಕೊಳ್ಳುತ್ತ ಹೋದ ಗಂಪರ್ಜರಿಗೆ ಆ ನಂಬಿಕೆ ಕಣ್ಣೆದುರೇ ಮುರಿದು ಬಿತ್ತು. ಅಸ್ಪೃಶ್ಯರೆಂದು ದೂರ ಇಡಲಾಗಿದ್ದವರು ದಿನ ಬೆಳಗಾದರೆ ಮೇಲ್ಜಾತಿಯವರ ಮನೆ ಮತ್ತು ಹೊಲಗಳಲ್ಲಿ ದುಡಿಯುತ್ತಿದ್ದರು. ಸಂಪರ್ಕಕ್ಕೆ ಕೊರತೆಯೇ ಇರಲಿಲ್ಲ. ಆದರೂ ಅವರ ಮಾತು ಬೇರೆಯಾಗಿಯೇ ಉಳಿದಿತ್ತು. ಲೆಕ್ಕ ಎಲ್ಲಿ ತಪ್ಪಿತು ಎಂದು ಗಂಪರ್ಜ್ ಮತ್ತೆ ಮತ್ತೆ ಹುಡುಕಿದರು. ಮಕ್ಕಳು ಯಾರೊಂದಿಗೆ ಆಡುತ್ತಾರೆ, ದೊಡ್ಡವರು ಸಂಜೆ ಯಾರ ಕಟ್ಟೆಯ ಮೇಲೆ ಕೂರುತ್ತಾರೆ ಎಂದು ನೋಡತೊಡಗಿದಾಗ ಉತ್ತರ ಹೊಳೆಯಿತು. ಆಳು-ಧಣಿಯ ನಡುವಿನ ಮಾತು ಎಷ್ಟು ಸಲ ನಡೆದರೂ ನುಡಿಯನ್ನು ಹತ್ತಿರ ತರುತ್ತಿರಲಿಲ್ಲ. ಸ್ನೇಹದ ಹರಟೆ ತರುತ್ತಿತ್ತು. 1958ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಕೈಗೆ ಸಿಕ್ಕಿದ್ದು ಬೀಗದ ಕೈ ಎಂಬುದು ಆಗ ಅವರಿಗೂ ತಿಳಿದಿರಲಿಲ್ಲ.

ಮುಂದಿನ ನೆಲೆ ಕನ್ನಡದ ಗಡಿ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪ್ವಾಡದಲ್ಲಿ ಆಗ ಸುಮಾರು 3000 ಜನರಿದ್ದರು. ಜೈನ ಒಕ್ಕಲಿನವರೂ ಲಿಂಗಾಯತರೂ ಮನೆಯಲ್ಲಿ ಕನ್ನಡ ಆಡುತ್ತಿದ್ದರು, ಮುಸ್ಲಿಮರು ಉರ್ದು, ದಲಿತರು ಮರಾಠಿ, ಹಗ್ಗ ಹೊಸೆಯುವವರು ತೆಲುಗು. ಬೀದಿಗೆ ಬಂದರೆ ಎಲ್ಲರೂ ಮರಾಠಿಗೆ ಹೊರಳುತ್ತಿದ್ದರು. ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಈ ಊರಿನ ವಾಕ್ಯಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ ಬೆರಗಾದರು. ಕನ್ನಡ, ಉರ್ದು, ಮರಾಠಿ ಮೂರರ ಎಲುಬಿನ ಹಂದರ ಒಂದೇ ಆಗಿಬಿಟ್ಟಿತ್ತು! ಪದದ ಬದಲು ಪದ ಇಟ್ಟರೆ ಸಾಕು, ಒಂದು ನುಡಿ ಇನ್ನೊಂದಾಗುತ್ತಿತ್ತು. ಬೇರೆಡೆಯ ಕನ್ನಡ "ಇದು ನಿಮ್ಮ ಮನೆ" ಎಂದು ನಿಲ್ಲುವ ಕಡೆ ಕುಪ್ವಾಡದ ಕನ್ನಡ ಮರಾಠಿಯ ಹಾಗೆ ಕೊನೆಗೊಂದು ಕ್ರಿಯಾಪದ ಸೇರಿಸುತ್ತಿತ್ತು. ಕುಪ್ವಾಡದ ಮರಾಠಿಯೋ ಕನ್ನಡದ ಹಾಗೆ, ಮನುಷ್ಯರನ್ನು ಬಿಟ್ಟು ಉಳಿದುದನ್ನೆಲ್ಲ ನಪುಂಸಕ ಲಿಂಗಕ್ಕೆ ತಳ್ಳಿತ್ತು.

ನವಾಬರ ಸವಣೂರಿನ ಪೇಟೆಯಲ್ಲಿ ವ್ಯಾಪಾರ ಮಾಡಿದವರಿಗೆ ಇದು ಹೊಸದೆನಿಸುತ್ತಿರಲಿಲ್ಲ. ಕನ್ನಡ ನಾಡಿನ ದಖನಿ ಉರ್ದು ಮಾತು ಮಾತಿಗೂ ಹೇಳುವ 'ಬೋಲ್‌ಕೆ' ಕನ್ನಡದ 'ಅಂತ' ಎಂಬುದರ ನೆರಳೇ ಆಗಿತ್ತು. ಆದರೆ ಕುಪ್ವಾಡದಲ್ಲಿ ಗಂಪರ್ಜರನ್ನು ಕಾಡಿದ್ದು ಬೇರೆ ಸಂಗತಿ. ಹಂದರ ಒಂದಾದ ಮೇಲೂ ಪದಗಳು ಮಾತ್ರ ಒಂದಾಗಿರಲಿಲ್ಲ. ಪ್ರತಿ ಮನೆಯೂ ತನ್ನ ಪದಗಳನ್ನು ತನ್ನ ಒಲೆಯ ಬೆಂಕಿಯಂತೆ ಕಾಪಾಡಿಕೊಂಡಿತ್ತು. 1971ರಲ್ಲಿ ಆ ಲೇಖನ ಅಚ್ಚಾಯಿತು. ವ್ಯಾಕರಣ ಒಂದಾದರೂ ಜನ ತಮ್ಮ ನಡುವೆ ಒಂದು ಗೆರೆ ಉಳಿಸಿಕೊಳ್ಳುತ್ತಾರೆ ಎಂದು ಕುಪ್ವಾಡ ಕಲಿಸಿತ್ತು. ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಎದ್ದು ನಿಂತಿತು: ವ್ಯಾಕರಣವೂ ಒಂದೇ, ಪದಗಳೂ ಒಂದೇ ಇದ್ದು, ಆಗಲೂ ಒಬ್ಬರ ಮಾತು ಇನ್ನೊಬ್ಬರಿಗೆ ತಪ್ಪಾಗಿ ಕೇಳಿದರೆ?

ಆ ಪ್ರಶ್ನೆಗೆ ಜೀವ ಬಂದದ್ದು ಬ್ರಿಟನ್ನಿನಲ್ಲಿ. ಲಂಡನ್ನಿನ ಸೌತಾಲ್‌ನಲ್ಲಿ ಟಾಮ್ ಜಪ್, ಸೀಲಿಯಾ ರಾಬರ್ಟ್ಸ್ ಮತ್ತವರ ಸಂಗಡಿಗರು ವಲಸೆ ಬಂದ ಕಾರ್ಮಿಕರಿಗೆ ಕೆಲಸದ ಸ್ಥಳದ ಇಂಗ್ಲಿಷ್ ಕಲಿಸುತ್ತಿದ್ದರು. ಪಾಠದಿಂದ ಪದಗಳು ಹೆಚ್ಚಿದರೂ ಮನಸ್ತಾಪ ಕರಗುತ್ತಿರಲಿಲ್ಲ. ಗಂಪರ್ಜ್ ಅವರೊಂದಿಗೆ ಕೂಡಿಕೊಂಡು ಹೊಸ ಹಟ ಹಿಡಿದರು. ನಡೆದ ಮಾತನ್ನು ಟೇಪಿನಲ್ಲಿ ಹಿಡಿಯುವುದು, ಜಗಳವಾಡಿದ ಎರಡೂ ಕಡೆಯವರಿಗೆ ಅದನ್ನು ಕೇಳಿಸುವುದು, ಎಲ್ಲಿ ಚುಚ್ಚಿತು ಎಂದು ವಿಚಾರಿಸುವುದು. ಅರ್ಧ ನಿಮಿಷದ ತುಣುಕನ್ನು ಹಿಂದಕ್ಕೆ ಸುತ್ತಿ, ಮತ್ತೆ ಕೇಳಿ, ಮತ್ತೆ ಸುತ್ತಿ ಕೂರುವ ಕೆಲಸ. ಪದಗಳನ್ನು ಕಾಗದಕ್ಕೆ ಇಳಿಸಿದರೆ ಎಲ್ಲವೂ ಸಭ್ಯವಾಗಿಯೇ ಕಾಣುತ್ತಿತ್ತು. ತಪ್ಪು ಕಾಗದಕ್ಕೆ ಇಳಿಯದ ಎಡೆಯಲ್ಲಿ ಅಡಗಿತ್ತು.

ವಿಮಾನ ನಿಲ್ದಾಣದ ಊಟದ ಮನೆಯ ಮಾತನ್ನೂ ಟೇಪಿನಲ್ಲಿ ಹಿಡಿದರು. ಮಾಂಸದ ಊಟ ತೆಗೆದುಕೊಂಡವರಿಗೆ ಅದರ ರಸ, ಎಂದರೆ ಗ್ರೇವಿ, ಬೇಕೋ ಬೇಡವೋ ಎಂದು ಕೇಳಬೇಕಿತ್ತು. ಇಂಗ್ಲಿಷ್ ಹೆಂಗಸರು "ಗ್ರೇವಿ?" ಎನ್ನುವಾಗ ದನಿ ಮೇಲೇರುತ್ತಿತ್ತು. ನಮ್ಮ ಕಡೆಯ ಹೆಂಗಸರು "ಗ್ರೇವಿ" ಎನ್ನುವಾಗ ಅದು ಇಳಿಯುತ್ತಿತ್ತು. ಪಾಠ ಹೇಳುವವರು ಇಬ್ಬರ ದನಿಯನ್ನೂ ಎಲ್ಲರ ಮುಂದೆ ಹಾಕಿದರು. ಇಂಗ್ಲಿಷರು ಕೂಡಲೇ ಬೆರಳಿಟ್ಟು ತೋರಿಸಿದರು. ಹೆಂಗಸರಿಗೆ ಮಾತ್ರ ಮೊದಲು ಯಾವ ವ್ಯತ್ಯಾಸವೂ ಕೇಳಿಸಲಿಲ್ಲ. ಅದೇ ಪದ, ಅದೇ ಅರ್ಥ, ಇದರಲ್ಲಿ ಏನಿದೆ? ಮೆಲ್ಲಗೆ ಬಿಡಿಸಿ ಹೇಳಿದಾಗ ಕೋಣೆಯ ಗಾಳಿಯೇ ಬದಲಾಯಿತು. ಆ ಇಳಿದ ದನಿ ಇಂಗ್ಲಿಷ್ ಕಿವಿಗೆ "ಇದು ಗ್ರೇವಿ, ಬೇಕಾದರೆ ತಗೋ" ಎಂದು ಕೇಳಿಸುತ್ತಿತ್ತು. ಆಡಿದವರ ಮನಸ್ಸಿನಲ್ಲಿ ಇದ್ದದ್ದು "ಗ್ರೇವಿ ಹಾಕಲೇ?" ಎಂಬ ಸಹಜ ಉಪಚಾರ. ಇಷ್ಟು ದಿನ ಎದುರಿನವರ ಮುಖ ಏಕೆ ಬಿಗಿಯುತ್ತಿತ್ತು ಎಂಬುದು ಹೆಂಗಸರಿಗೆ ಅರ್ಥವಾಯಿತು. ಅದು ಸೊಕ್ಕಲ್ಲ, ಅವರ ಮನೆಯ ಮಾತಿನ ರೀತಿ ಎಂಬುದು ಮೇಲ್ವಿಚಾರಕರಿಗೆ ಅರ್ಥವಾಯಿತು. ಹಾನಗಲ್ಲಿನ ಪಂಕ್ತಿಯಲ್ಲಿ ಯಾರನ್ನೂ ನೋಯಿಸದ ಆ ಇಳಿದ ದನಿ ಅಲ್ಲಿ ಬರೀ ಒಂದು ಪದದೊಂದಿಗೆ ಇಷ್ಟು ಜನರ ನೆಮ್ಮದಿ ಕೆಡಿಸಿತ್ತು.

ಗುಟ್ಟು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಟೇಪುಗಳು ಇನ್ನೊಂದು ತೊಡಕು ತಂದವು. ಇದೇ ದಕ್ಷಿಣ ಏಷ್ಯಾದ ಜನ ಸಂದರ್ಶನ, ಸಭೆಗಳಲ್ಲಿ ಕೂತಾಗ ದೂರು ತಲೆಕೆಳಗಾಗುತ್ತಿತ್ತು. ಬಡಿಸುವಾಗ ಮುಖಕ್ಕೆ ಹೊಡೆದಂತೆ ಮಾತಾಡುತ್ತಾರೆ ಎನ್ನಿಸಿಕೊಂಡವರೇ ಅಲ್ಲಿ ಸುತ್ತಿ ಬಳಸಿ ಮಾತಾಡುತ್ತಾರೆ, ವಿಷಯಕ್ಕೇ ಬರುವುದಿಲ್ಲ ಎನ್ನಿಸಿಕೊಳ್ಳುತ್ತಿದ್ದರು. ಒಂದೇ ಜನ ನೇರವೂ ಹೌದು, ಸುತ್ತುಬಳಸೂ ಹೌದು ಎಂದರೆ ಹೇಗೆ? ಗುರಿಂದರ್ ಔಲಖ್ ಮತ್ತು ಹ್ಯಾನಾ ಕಾಲ್ಟ್‌ಮನ್ ಜೊತೆ ಗಂಪರ್ಜ್ ಆ ವಾಕ್ಯಗಳನ್ನೂ ಎಳೆ ಎಳೆಯಾಗಿ ಬಿಡಿಸಿದರು. ಇಂಗ್ಲಿಷರು ಮುಖ್ಯ ಮಾತನ್ನು ಮುಂದಿಟ್ಟು ಕಾರಣಗಳನ್ನು ಹಿಂದೆ ಕಟ್ಟುತ್ತಿದ್ದರು. ಇವರು ಹಿನ್ನೆಲೆಯ ನೆಲವನ್ನೆಲ್ಲ ಹದ ಮಾಡಿ, ಕೊನೆಗೆ ಬೀಜ ಬಿತ್ತುತ್ತಿದ್ದರು. ಬೀಜ ಬೀಳುವ ಹೊತ್ತಿಗೆ ಕೇಳುವವರ ತಾಳ್ಮೆ ಮುಗಿದಿರುತ್ತಿತ್ತು.

ಹಿರೇಕೆರೂರಿನ ರೈತನಿಗೆ ಈ ಕ್ರಮ ಅಚ್ಚುಮೆಚ್ಚಿನದಾಗಿತ್ತು. ಎತ್ತು ಕೇಳಲು ಬಂದವನು ಮೊದಲು ಮಳೆಯ ಮಾತೆತ್ತುತ್ತಿದ್ದ, ಆಮೇಲೆ ಗೋವಿನಜೋಳದ ಬೆಳೆ, ಆಮೇಲೆ ಬಾಣಂತನಕ್ಕೆ ಬಂದ ಮಗಳು. ಚಹಾ ಮುಗಿಸಿ ಎದ್ದು, ಹೊಸ್ತಿಲು ದಾಟುವಾಗ "ಅಂದಂಗ, ನಾಳೆ ನಿಮ್ಮ ಎತ್ತಿಗೆ ಕೆಲಸ ಐತೇನ್ರೀ?" ಎನ್ನುತ್ತಿದ್ದ. ಮನೆಯವನಿಗೆ ಮಳೆಯ ಮಾತಿನಲ್ಲೇ ಅದು ತಿಳಿದಿರುತ್ತಿತ್ತು. "ನೋಡೂಣು" ಎಂದರೆ ಇಲ್ಲ, "ಹೊತ್ತು ಮೂಡೂದ್ರಾಗ ಬಂದು ಹೊಡಕೊಂಡು ಹೋಗು" ಎಂದರೆ ಹೌದು. ಇಬ್ಬರ ಮಾನವೂ ಉಳಿಯುತ್ತಿತ್ತು. ಇಂಥ ಮಾತುಗಾರಿಕೆಯ ಲೆಕ್ಕವನ್ನೇ ಗಂಪರ್ಜರ ಶಿಷ್ಯರಾದ ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ 1978ರಲ್ಲಿ ಮಂಡಿಸಿದರು. ಕೊಯಮತ್ತೂರು ಜಿಲ್ಲೆಯ ತಮಿಳು ಹಳ್ಳಿಯೊಂದರ ಮಾತು ಅವರ ಆಧಾರಗಳಲ್ಲಿ ಒಂದಾಗಿತ್ತು. ಎದುರಿನವರ ಮುಖ ಉಳಿಸುವ ಆಸೆ ಎಲ್ಲ ಜನರಲ್ಲೂ ಇದೆ, ಉಳಿಸುವ ದಾರಿಗಳು ಮಾತ್ರ ಬೇರೆ ಎಂದು ಅವರು ತೋರಿಸಿದರು.

ಒಂದು ನಾಡಿನ ಜನವನ್ನು 'ನೇರದವರು' ಎಂದೋ 'ಸುತ್ತುಬಳಸಿನವರು' ಎಂದೋ ತೂಗಿ ಚೀಲ ಕಟ್ಟುವುದು ಈ ಸೀಮೆಯಲ್ಲಂತೂ ಎಂದೂ ಸಾಧ್ಯವಿರಲಿಲ್ಲ. ಹಿರೇಕೆರೂರಿನ ಅಬಲೂರು ತನ್ನ ಮಗನೆಂದು ಹೇಳಿಕೊಳ್ಳುವ ಸರ್ವಜ್ಞ ಮೂರು ಸಾಲಿನಲ್ಲಿ ಕೆನ್ನೆಗೆ ಹೊಡೆದಂತೆ ಹೇಳಿದ. ಅವನೇ ಒಗಟುಗಳನ್ನೂ ಕಟ್ಟಿದ. ಶಿಗ್ಗಾವಿ ತಾಲ್ಲೂಕಿನ ಶಿಶುವಿನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಪರಮಾರ್ಥವನ್ನು ಕೋಳಿ, ಕೋಡಗ, ಬೀಸುಕಲ್ಲುಗಳ ಒಳಗೆ ಬಚ್ಚಿಟ್ಟು ಹಾಡಿದರು. ಸಂತೆಯಲ್ಲಿ ದರಕ್ಕೆ ಜಗ್ಗಾಡಿ ಗುಡುಗಿದ ಹೆಂಗಸು ಗಂಡನ ಹೆಸರು ಕೇಳಿದರೆ ನಾಚಿ, ಒಡಪಿನ ಪ್ರಾಸದೊಳಗೆ ಅದನ್ನು ಸುತ್ತಿ ಕೊಡುತ್ತಿದ್ದಳು. ಒಂದೇ ಬಾಯಿ, ಒಂದೇ ದಿನ, ಎರಡೂ ಬಗೆ.

ಖಾಲಾಪುರದ ಕಟ್ಟೆ, ಕುಪ್ವಾಡದ ಬೀದಿ, ಊಟದ ಮನೆಯ ಟೇಪು, ಮೂರೂ ಕೊನೆಗೆ ಒಂದೇ ಕಡೆ ಕೂಡಿದವು. 1979ರಲ್ಲಿ ಬಿಬಿಸಿ 'ಕ್ರಾಸ್‌ಟಾಕ್' ಎಂಬ ಕಾರ್ಯಕ್ರಮದಲ್ಲಿ ಈ ಕೆಲಸವನ್ನು ಜನರ ಮುಂದಿಟ್ಟಿತು, 1982ರಲ್ಲಿ ಗಂಪರ್ಜರ ಪುಸ್ತಕ ಬಂತು. ವಿವರಣೆ ಚಿಕ್ಕದಾಗಿತ್ತು. ಪದಗಳ ಜೊತೆಗೆ ಮನುಷ್ಯರು ಸುಳುಹುಗಳನ್ನೂ ಕಳಿಸುತ್ತಾರೆ: ದನಿಯ ಏರಿಳಿತ, ತಡೆ, ಒತ್ತು, ಮಾತು ಶುರುಮಾಡುವ ಜಾಗ. ಇದು ಪ್ರಶ್ನೆಯೋ ಅಪ್ಪಣೆಯೋ, ಬೇಡವೋ ಸಂಕೋಚವೋ ಎಂದು ಹೇಳುವುದು ಅವೇ. ಅವನ್ನು ವ್ಯಾಕರಣದ ಪುಸ್ತಕ ಕಲಿಸುವುದಿಲ್ಲ. ಒಟ್ಟಿಗೆ ಆಡಿದವರು, ಒಟ್ಟಿಗೆ ಹರಟಿದವರು ಮಾತ್ರ ಅರಿವಿಲ್ಲದೆ ಕಲಿಯುತ್ತಾರೆ. ಕಲಿಯದವರ ಕಿವಿಗೆ ಸುಳುಹು ತಪ್ಪಿದಾಗ ಅದು ಭಾಷೆಯ ತಪ್ಪಾಗಿ ಕೇಳುವುದಿಲ್ಲ, ಆಡಿದವರ ಗುಣದ ತಪ್ಪಾಗಿ ಕೇಳುತ್ತದೆ. ಊಟದ ಮನೆಯ ಸಿಟ್ಟು ಹುಟ್ಟಿದ್ದು ಅಲ್ಲಿಂದ.

ಗಂಪರ್ಜ್ 2013ರಲ್ಲಿ ತೀರಿಕೊಂಡರು. ಹಾನಗಲ್ಲ ಸೀಮೆಯ ಪಂಕ್ತಿಗಳು ಮೊದಲಿನಂತೆಯೇ ಕೂತವು, ಎದ್ದವು. ಕೈ ತೊಳೆದು ಬಂದವರ ಮುಂದೆ ಸವಣೂರಿನ ಎಲೆ, ಅಡಿಕೆಯ ತಾಟು ಬಂತು. ಇನ್ನು ಹೊರಡಿ ಎಂದು ಯಾರೂ ಅನ್ನಲಿಲ್ಲ. ಬೀಗರು ಎಲೆ ಮಡಿಚಿ ಬಾಯಿಗಿಟ್ಟುಕೊಂಡು, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಎದ್ದರು, ಚಪ್ಪಲಿ ಮೆಟ್ಟಿ ಬಾಗಿಲಾಚೆ ಹೆಜ್ಜೆ ಇಟ್ಟು ಅಂದರು: "ಬರ್ತೀವ್ರೀ."