ವಿದ್ಯಾಲಯವೂ ಹಳ್ಳಿಯೂ

ಕಾಲೇಜು ಎಂದೊಡನೆ ತರಗತಿ, ಗ್ರಂಥಾಲಯ, ಪ್ರಯೋಗಶಾಲೆ, ಪರೀಕ್ಷೆ ಇವುಗಳು ನಮ್ಮ ಕಣ್ಣೆದುರಿಗೆ ಬಂದು ನಿಲ್ಲುತ್ತವೆ. ಅದರ ಸುತ್ತ ಒಂದು ಗೋಡೆ. ಗೋಡೆಯ ಆಚೆಗೆ ಊರು. ಆ ಊರಿನಲ್ಲಿ ಪಂಚಾಯಿತಿ ಇದೆ, ಹಾಲು ಉತ್ಪಾದಕರ ಸಂಘ ಇದೆ, ಮಹಿಳಾ ಮಂಡಲಿ, ಯುವಕ ಸಂಘಗಳಿವೆ. ಕಾಲೇಜಿನಲ್ಲಿ ಶಾಸ್ತ್ರಜ್ಞಾನವಿದೆ, ಊರಿನ ಸಂಘಗಳಲ್ಲಿ ಅನುಭವವೂ, ಜನರನ್ನು ಒಂದುಗೂಡಿಸುವ ಶಕ್ತಿಯೂ ಇವೆ. ಇವೆರಡೂ ಕೈಜೋಡಿಸಿದರೆ ಸಮಾಜಕ್ಕೆ ಒಳಿತಾಗುವುದೆಂದು ಯಾರೂ ಒಪ್ಪುತ್ತಾರೆ. ಆದರೆ ಕೈಜೋಡಿಸುವ ಬಗೆ ಹೇಗೆ ಎಂಬುದು ಅಷ್ಟು ಸುಲಭವಾಗಿ ತಿಳಿಯತಕ್ಕ ಸಂಗತಿಯಲ್ಲ.

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ನಮ್ಮ ದೇಶದಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಪ್ರಾರಂಭವಾಯಿತು. ಮೊದಲಿಗೆ 37 ವಿಶ್ವವಿದ್ಯಾನಿಲಯಗಳ 40,000 ವಿದ್ಯಾರ್ಥಿಗಳು ಅದರಲ್ಲಿ ಸೇರಿದರು. ಈ ಯೋಜನೆಯ ಶಿಬಿರಾರ್ಥಿಗಳು ಹಳ್ಳಿಗಳಲ್ಲಿ ತಂಗಿ ರಸ್ತೆ ಮಾಡಿದ್ದಾರೆ, ಚರಂಡಿ ತೋಡಿದ್ದಾರೆ, ಸಸಿ ನೆಟ್ಟಿದ್ದಾರೆ. ಪಟ್ಟಣದಲ್ಲಿ ಬೆಳೆದ ಹುಡುಗರಿಗೆ ಹಳ್ಳಿಯ ಬದುಕಿನ ಪರಿಚಯವಾದದ್ದೇ ಒಂದು ದೊಡ್ಡ ಲಾಭ. ಆದರೂ ಒಂದು ಮಾತನ್ನು ಹೇಳಲೇಬೇಕು. ಶಿಬಿರ ಮುಗಿಯುವುದು ಏಳು ದಿನಕ್ಕೆ. ಸಸಿಗೆ ನೀರು ಬೇಕಾಗುವುದು ಬೇಸಿಗೆಯುದ್ದಕ್ಕೂ. ನೀರು ಹಾಕುವವರು ಯಾರೆಂಬುದನ್ನು ಊರಿನವರೊಡನೆ ಮೊದಲೇ ಮಾತನಾಡಿ ಗೊತ್ತುಮಾಡಿಕೊಳ್ಳದಿದ್ದರೆ ಮರುವರ್ಷ ಅದೇ ಗುಂಡಿಯಲ್ಲಿ ಬೇರೊಂದು ಸಸಿಯನ್ನು ನೆಡಬೇಕಾಗುತ್ತದೆ.

ವಿದ್ಯಾಸಂಸ್ಥೆಯೊಂದು ಏಳು ದಿನವಲ್ಲ, ಹಲವು ವರ್ಷಗಳ ಕಾಲ ಹಳ್ಳಿಯೊಡನೆ ಬೆರೆತು ದುಡಿದ ಒಂದು ನಿದರ್ಶನ ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 1909ರಲ್ಲಿ ಸ್ಥಾಪಿತವಾದದ್ದು, ಜಗತ್ಪ್ರಸಿದ್ಧವಾದದ್ದು. ಅಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ರೆಡ್ಡಿಯವರು ವಿದ್ಯುದ್ರಸಾಯನಶಾಸ್ತ್ರದಲ್ಲಿ ಹೆಸರು ಗಳಿಸಿದ್ದ ವಿದ್ವಾಂಸರು. ತಮ್ಮ ಸಂಸ್ಥೆಯ ವಿದ್ಯೆ ನಾಡಿನ ಹಳ್ಳಿಗಳಿಗೆ ಎಷ್ಟರಮಟ್ಟಿಗೆ ಉಪಯೋಗವಾಗುತ್ತಿದೆ ಎಂಬ ಪ್ರಶ್ನೆ ಅವರನ್ನು ಕಾಡಿತು. ಸಮಾನ ಮನಸ್ಕರಾದ ಸಹೋದ್ಯೋಗಿಗಳೊಡನೆ 1974ರಲ್ಲಿ ಅವರು ಸಂಸ್ಥೆಯೊಳಗೇ ಒಂದು ಹೊಸ ಕೇಂದ್ರವನ್ನು ತೆರೆದರು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಅದರ ಉದ್ದೇಶ. ಈ ಉದ್ದೇಶವನ್ನು ಹೇಳುವ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿದರೆ ‘ಅಸ್ತ್ರ’ ಎಂದಾಗುತ್ತದೆ. ಆ ಹೆಸರೇ ಕೇಂದ್ರಕ್ಕೆ ನಿಂತಿತು.

ಬೆಂಗಳೂರಿನಲ್ಲಿ ಕುಳಿತು ಹಳ್ಳಿಯನ್ನು ತಿಳಿಯುವುದು ಆಗದ ಮಾತು. ಆದುದರಿಂದ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಊರಿನಲ್ಲಿ ‘ಅಸ್ತ್ರ’ದ ವಿಸ್ತರಣಾ ಕೇಂದ್ರವನ್ನು ಸ್ಥಾಪಿಸಲಾಯಿತು. ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ, ಜನರು ಯಾವ ಕೆಲಸಕ್ಕೆ ಯಾವ ಶಕ್ತಿಯನ್ನು ಎಷ್ಟು ಬಳಸುತ್ತಾರೆಂಬುದನ್ನು ಲೆಕ್ಕ ಹಾಕಿದರು. ಸೌದೆಯನ್ನು ತೂಗಿದರು, ನೀರು ತರಲು ಹಿಡಿಯುವ ಹೊತ್ತನ್ನು ಗುರುತಿಸಿಕೊಂಡರು. ಹಳ್ಳಿಯಲ್ಲಿ ಖರ್ಚಾಗುವ ಶಕ್ತಿಯಲ್ಲಿ ಬಹುಪಾಲು ಸೌದೆಯದೆಂದೂ, ಅದು ಉರಿಯುವುದು ಅಡಿಗೆಯ ಒಲೆಯಲ್ಲೆಂದೂ, ಸೌದೆ ನೀರುಗಳನ್ನು ಹೊರುವ ಹೊರೆ ಹೆಚ್ಚಾಗಿ ಹೆಂಗಸರ ಮತ್ತು ಮಕ್ಕಳ ತಲೆಯ ಮೇಲಿದೆಯೆಂದೂ ಆ ಲೆಕ್ಕದಿಂದ ಸ್ಪಷ್ಟವಾಯಿತು.

ಹೀಗೆ ಅಧ್ಯಯನಕ್ಕೆ ಒಳಗಾದ ಊರುಗಳಲ್ಲಿ ಪುರ ಎಂಬುದೂ ಒಂದು. ಸುಮಾರು 400 ಜನರಿದ್ದ ಸಣ್ಣ ಹಳ್ಳಿ ಅದು. ಅಲ್ಲಿನ ದನಕರುಗಳ ಸೆಗಣಿಯಿಂದ ಅನಿಲವನ್ನು ತಯಾರಿಸಿ ಎಲ್ಲ ಮನೆಗಳ ಒಲೆಗೂ ಒದಗಿಸಬಹುದೆಂದು ವಿಜ್ಞಾನಿಗಳು ಆಲೋಚಿಸಿದರು. ಸೆಗಣಿಯನ್ನು ನೀರಿನಲ್ಲಿ ಕದಡಿ, ಗಾಳಿಯಾಡದ ಗುಂಡಿಯಲ್ಲಿ ಕೊಳೆಯಲು ಬಿಟ್ಟರೆ ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಉರಿಯುವ ಅನಿಲ ಹುಟ್ಟುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ ಮೀಥೇನು. ಉಳಿದದ್ದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡು. ಅನಿಲ ಹೊರಬಿದ್ದ ಮೇಲೆ ಉಳಿಯುವ ಬಗ್ಗಡ ವ್ಯರ್ಥವಲ್ಲ. ಗಿಡಗಳಿಗೆ ಬೇಕಾದ ಸಾರಜನಕ ಅದರಲ್ಲಿ ಹಾಗೆಯೇ ಇರುವುದರಿಂದ ಅದು ಒಳ್ಳೆಯ ಗೊಬ್ಬರವಾಗುತ್ತದೆ. ಬೆರಣಿ ತಟ್ಟಿ ಸುಟ್ಟರೆ ಗೊಬ್ಬರ ಹೋಗುತ್ತದೆ. ತಿಪ್ಪೆಗೆ ಹಾಕಿದರೆ ಉರುವಲು ಹೋಗುತ್ತದೆ. ಅನಿಲದ ಗುಂಡಿಗೆ ಹಾಕಿದರೆ ಎರಡೂ ದಕ್ಕುತ್ತವೆ. ಕಾಗದದ ಮೇಲೆ ಇದಕ್ಕಿಂತ ಸೊಗಸಾದ ಯೋಜನೆ ಮತ್ತೊಂದಿಲ್ಲ.

1980ರ ದಶಕದ ಆರಂಭದಲ್ಲಿ ಸ್ಥಾವರವು ಸಿದ್ಧವಾಯಿತು; ಆದರೆ ಯೋಜನೆ ಕೈಗೂಡಲಿಲ್ಲ. ಊರಿನಲ್ಲಿ ದೊರೆಯುತ್ತಿದ್ದ ಸೆಗಣಿಯಿಂದ ಎಲ್ಲ ಮನೆಗಳ ಅಡಿಗೆಗೂ ಸಾಲುವಷ್ಟು ಅನಿಲ ಹುಟ್ಟಲಿಲ್ಲ. ಅರ್ಧ ಅಡಿಗೆಗೆ ಅನಿಲ, ಉಳಿದರ್ಧಕ್ಕೆ ಸೌದೆ ಎಂದಾದಾಗ ಯಾವ ಗೃಹಿಣಿಗೆ ತಾನೆ ನೆಮ್ಮದಿ? ಸೌದೆ ತರುವುದು ಶ್ರಮದ ಕೆಲಸವಾದರೂ ಅದಕ್ಕೆ ಹಣ ಕೊಡಬೇಕಾಗಿರಲಿಲ್ಲ. ಜನರ ಉತ್ಸಾಹ ಕುಗ್ಗಿತು, ಸ್ಥಾವರ ನಿಂತಿತು. ವಿಜ್ಞಾನಿಗಳು ಈ ಸೋಲನ್ನು ಮುಚ್ಚಿಡದೆ ಬರೆದಿಟ್ಟಿದ್ದಾರೆ. ಗೆಲುವನ್ನು ಬರೆಯುವವರು ಬಹಳ ಮಂದಿ. ಸೋಲನ್ನು ಬರೆಯುವವರು ವಿರಳ.

ಆ ಬಳಿಕ ನಡೆದದ್ದೇ ಈ ಕಥೆಯ ಮುಖ್ಯಭಾಗ. ತಮಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಏನೆಂಬುದನ್ನು ಊರಿನವರು ಹೇಳಿದರು: ಕುಡಿಯುವ ನೀರು. ಒಲೆಯ ಚಿಂತೆ ವಿಜ್ಞಾನಿಗಳದಾಗಿತ್ತು. ಕೊಡದ ಚಿಂತೆ ಹಳ್ಳಿಯ ಹೆಂಗಸರದು. ಇದ್ದ ಅನಿಲವು ಅಡಿಗೆಗೆ ಸಾಲದಿದ್ದರೂ ಒಂದು ಯಂತ್ರವನ್ನು ದಿನಕ್ಕೆ ಕೆಲವು ಗಂಟೆ ನಡೆಸಲು ಧಾರಾಳವಾಗಿ ಸಾಕಾಗಿತ್ತು. ಆದುದರಿಂದ ಯೋಜನೆಯನ್ನೇ ಬದಲಾಯಿಸಲಾಯಿತು. ಅನಿಲವನ್ನು ಒಂದು ಡೀಸೆಲ್ ಯಂತ್ರಕ್ಕೆ ಹಾಯಿಸಿದರು. ಈ ಅನಿಲ ಬರಿಯ ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಜೊತೆಗೆ ಸ್ವಲ್ಪ ಡೀಸೆಲ್ ಬೇಕು. ಉಳಿದ ಕೆಲಸವೆಲ್ಲ ಸೆಗಣಿಯ ಅನಿಲದ್ದೇ. ಯಂತ್ರದಿಂದ ವಿದ್ಯುತ್ತು, ವಿದ್ಯುತ್ತಿನಿಂದ ಕೊಳವೆ ಬಾವಿಯ ಪಂಪು ಮತ್ತು ಮನೆಗಳ ಟ್ಯೂಬ್‌ಲೈಟು. 1987ರಿಂದ ಪುರದಲ್ಲಿ ಈ ವ್ಯವಸ್ಥೆ ನಡೆಯತೊಡಗಿತು. ನೀರು ನಲ್ಲಿಗೆ ಬಂದಿತು. ಸಂಜೆ ಮನೆಗಳಲ್ಲಿ ದೀಪ ಹೊತ್ತಿತು.

ಇದನ್ನು ನಡೆಸುವ ಹೊಣೆಯನ್ನು ವಿಜ್ಞಾನಿಗಳು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಊರಿನವರದೇ ಆದ ಒಂದು ಸಭೆ ಅದನ್ನು ನೋಡಿಕೊಂಡಿತು. ಸ್ಥಾವರದಲ್ಲಿ ದುಡಿದವರು ಆ ಊರಿನ ತರುಣರೇ. ಮನೆಯವರು ಬೆಳಗ್ಗೆ ಸೆಗಣಿ ತಂದು ತೂಗಿಸಿ ಕೊಡಬೇಕು. ತಂದುಕೊಟ್ಟವರಿಗೆ ಕಿಲೋ ಒಂದಕ್ಕೆ 2 ಪೈಸೆಯಂತೆ ಸಲ್ಲುತ್ತಿತ್ತು. ಬಗ್ಗಡವೂ ಅವರಿಗೆ ಹಿಂದಿರುಗುತ್ತಿತ್ತು. ಎರಡು ಪೈಸೆ ಅಲ್ಪವೆನ್ನಿಸಬಹುದು. ಆದರೆ ಹೊತ್ತು ತರುತ್ತಿದ್ದವರು ಬಹುಮಟ್ಟಿಗೆ ಹೆಂಗಸರು ಮತ್ತು ಮಕ್ಕಳು. ಅವರ ದುಡಿಮೆಗೆ ಲೆಕ್ಕವೊಂದು ಹುಟ್ಟಿತು ಎಂಬುದು ಅಲ್ಪ ಸಂಗತಿಯಲ್ಲ. ದೀಪ ಮತ್ತು ನಲ್ಲಿ ಪಡೆದ ಮನೆಗಳು ತಿಂಗಳಿಗೆ ಇಂತಿಷ್ಟೆಂದು ಹಣ ತೆರಬೇಕಾಗಿತ್ತು.

ಎಲ್ಲರಿಗೂ ಸೇರಿದ್ದು ಯಾರಿಗೂ ಸೇರಿದ್ದಲ್ಲ, ಆದ್ದರಿಂದ ಅದು ಹಾಳಾಗುತ್ತದೆ ಎಂದು ಹಲವರು ವಾದಿಸುವುದುಂಟು. ಗೋಮಾಳ ಕೆರೆಗಳ ಗತಿಯನ್ನು ಕಂಡವರು ಈ ಮಾತನ್ನು ತಳ್ಳಿಹಾಕಲಾರರು. ಪುರದಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. ಸೆಗಣಿ ಕೊಡುವುದನ್ನು ಮನೆಗಳು ನಿಲ್ಲಿಸಿದರೆ ಯಂತ್ರ ನಿಲ್ಲುತ್ತದೆ. ಯಂತ್ರ ನಿಂತರೆ ನಿಲ್ಲಿಸಿದವರ ಮನೆಯ ದೀಪವೂ ಆರುತ್ತದೆ, ನಲ್ಲಿಯೂ ಒಣಗುತ್ತದೆ. ಸಹಕರಿಸದಿರುವುದರಿಂದ ಉಳಿಯುವ ಶ್ರಮಕ್ಕಿಂತ ಕಳೆದುಕೊಳ್ಳುವ ಸುಖವೇ ಹೆಚ್ಚು ಎಂಬುದು ಪ್ರತಿಯೊಬ್ಬರಿಗೂ ಆ ದಿನವೇ ಕಾಣುತ್ತಿತ್ತು. ಉಪದೇಶದಿಂದ ಆಗದ ಒಗ್ಗಟ್ಟು ಈ ಏರ್ಪಾಡಿನಿಂದ ಆಯಿತು. ಇಂಥ ಏರ್ಪಾಡನ್ನು ಕೇವಲ ಯಂತ್ರಶಾಸ್ತ್ರ ಬಲ್ಲವರು ರೂಪಿಸಲಾರರು. ಕೇವಲ ಊರಿನ ಹಿರಿಯರೂ ರೂಪಿಸಲಾರರು.

ಪುರದ ಆ ವ್ಯವಸ್ಥೆ 1990ರ ದಶಕದ ಆಚೆಗೆ ಉಳಿದುಬರಲಿಲ್ಲ. ಉಂಗ್ರ ಕೇಂದ್ರದ ಅನುಭವದಿಂದ ಮೂಡಿದ ಇತರ ಕೆಲಸಗಳು ದೂರದವರೆಗೆ ಹರಡಿದವು. ಮೂರು ಪಾತ್ರೆಗಳನ್ನು ಒಮ್ಮೆಗೇ ಇಡಬಹುದಾದ, ಹೊಗೆಯನ್ನು ಕೊಳವೆಯ ಮೂಲಕ ಹೊರಹಾಕುವ, ಸೌದೆ ಉಳಿಸುವ ‘ಅಸ್ತ್ರ ಒಲೆ’ ಕರ್ನಾಟಕದ ಅನೇಕ ಅಡಿಗೆಮನೆಗಳನ್ನು ಸೇರಿತು. ಕೇಂದ್ರದ ಹೆಸರು ಮುಂದೆ ಬದಲಾಯಿತು, ಕೆಲಸ ಮುಂದುವರಿದಿದೆ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಸಲಕರಣೆಗಳು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಇರುವುದಿಲ್ಲ, ನಿಜ. ಆದರೆ ರಸಾಯನಶಾಸ್ತ್ರದ ಒಂದು ಪ್ರಯೋಗಶಾಲೆಯಂತೂ ಇರುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಜಿಲ್ಲೆಗಳ ಎಷ್ಟೋ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಒಂದು ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡು ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ಮೂಳೆ ಕೀಲುಗಳು ಬಿಗಿಯುತ್ತವೆ. ಅದು ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು. ನೀರನ್ನು ಕುದಿಸಿದರೂ ಹೋಗದು. ಇದನ್ನು ಅಳೆಯುವುದು ಪದವಿ ತರಗತಿಯ ವಿದ್ಯಾರ್ಥಿಗಳು ಅಧ್ಯಾಪಕರ ನೆರವಿನಿಂದ ಮಾಡಬಲ್ಲ ಕೆಲಸ. ಪ್ರಮಾಣವು ಬಾವಿಯಿಂದ ಬಾವಿಗೆ ಬೇರೆಯಾಗುತ್ತದೆ, ಋತುಮಾನಕ್ಕೆ ತಕ್ಕಂತೆಯೂ ವ್ಯತ್ಯಾಸವಾಗಬಹುದು. ಆದ್ದರಿಂದ ಒಮ್ಮೆ ಅಳೆದು ಬಿಟ್ಟರೆ ಸಾಲದು. ಈ ವರ್ಷದ ವಿದ್ಯಾರ್ಥಿಗಳು ಬರೆದಿಟ್ಟ ಪುಸ್ತಕವನ್ನು ಮುಂದಿನ ವರ್ಷದವರು ಮುಂದುವರಿಸಬೇಕು.

ಅಳೆದ ಅಂಕಿಗಳು ಕಾಲೇಜಿನ ಬೀರುವಿನಲ್ಲಿ ಉಳಿದರೆ ಯಾರಿಗೂ ಪ್ರಯೋಜನವಿಲ್ಲ. ಹಾಲು ಉತ್ಪಾದಕರ ಸಂಘದ ಬಾಗಿಲಿಗೆ ಬೆಳಗ್ಗೆ ಸಂಜೆ ಎರಡು ಹೊತ್ತೂ ಊರಿನ ಎಷ್ಟೋ ಮನೆಯವರು ಬರುತ್ತಾರೆ. ಯಾವ ಬಾವಿಯ ನೀರು ಕುಡಿಯಲು ತಕ್ಕದ್ದು, ಯಾವುದು ಬಟ್ಟೆ ಒಗೆಯಲು ಮತ್ತು ದನಗಳ ಮೈತೊಳೆಯಲು ಮಾತ್ರ ಸರಿ ಎಂಬ ಪಟ್ಟಿಯನ್ನು ಅಲ್ಲಿ ತೂಗುಹಾಕಬಹುದು. ಮಹಿಳಾ ಮಂಡಲಿಯವರು ಅದನ್ನು ಓದುಬಾರದವರಿಗೆ ತಿಳಿಸಬಹುದು. ಕೆಟ್ಟ ಬಾವಿಗೆ ಕೆಂಪು ಬಣ್ಣ ಬಳಿಯುವುದೋ, ಒಳ್ಳೆಯ ಬಾವಿಯಿಂದ ಹೊಸ ಕೊಳವೆ ಎಳೆಸುವುದೋ, ಅದಕ್ಕೆ ತಗಲುವ ಹಣ ಎಲ್ಲಿಂದ ಬರಬೇಕು ಎಂಬುದೋ ಗ್ರಾಮಸಭೆಯಲ್ಲಿ ಚರ್ಚೆಯಾಗಬೇಕಾದ ವಿಷಯ. ಆ ಸಭೆಯಲ್ಲಿ ಕಾಲೇಜಿನವರು ಹಿಂದಿನ ಸಾಲಿನಲ್ಲಿ ಕುಳಿತು, ಕೇಳಿದಾಗ ಅಂಕಿಗಳನ್ನು ಓದಿ ಹೇಳುವರು.